ಹೆಸರಿಗೆ ಬೆಲೆ ಬಂದ ಕಾಲ

ಅಂತರ್ಜಾಲದಲ್ಲಿ ಹೆಸರುಗಳು ಬಿಟ್ಟಿಯಾಗಿ ಸಿಗುತ್ತಿದ್ದ ಕಾಲವೊಂದಿತ್ತು. ಕೇಳಿದವರಿಗೆ ಕೇಳಿದ ಹೆಸರು. ಮೊದಲು ಬಂದವರಿಗೆ ಮೊದಲ ಮಣೆ. ಆ ಕಾಲ ತೀರಾ ಹಳೆಯದೇನಲ್ಲ. ಅದನ್ನು ಕಣ್ಣಾರೆ ಕಂಡ ಅನೇಕರು ಇಂದಿಗೂ ನಮ್ಮ ನಡುವೆ ಇದ್ದಾರೆ. ಆದರೂ ಅದರ ನಡೆನುಡಿ, ಅದರ ಮರ್ಯಾದೆ, ಹಣದ ವಿಷಯದಲ್ಲಿ ಅದಕ್ಕಿದ್ದ ನಿರ್ಲಿಪ್ತತೆ ಎಲ್ಲವೂ ಬೇರೊಂದು ಯುಗಕ್ಕೆ ಸೇರಿದಂತೆ ತೋರುತ್ತವೆ.

1970ರ ದಶಕದ ಅಮೆರಿಕ. ರಕ್ಷಣಾ ಇಲಾಖೆಯ ಹಣದಲ್ಲಿ ನಡೆಯುತ್ತಿದ್ದ ಆರ್ಪಾನೆಟ್ ಜಾಲಕ್ಕೆ ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳು ಒಂದೊಂದಾಗಿ ಸೇರಿಕೊಳ್ಳುತ್ತಿದ್ದವು. ಪ್ರತಿ ಯಂತ್ರಕ್ಕೂ ಒಂದು ಅಂಕಿ ವಿಳಾಸ. ಅಂಕಿಯನ್ನು ಮನುಷ್ಯರು ನೆನಪಿಡಲಾರರು, ಹಾಗಾಗಿ ಪ್ರತಿ ಯಂತ್ರಕ್ಕೂ ಒಂದು ಹೆಸರು. ಈ ಹೆಸರು ಮತ್ತು ಅಂಕಿಗಳ ಜೋಡಿಪಟ್ಟಿ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಒಂದು ಕಚೇರಿಯಲ್ಲಿ, ಒಂದೇ ಒಂದು ಕಡತದಲ್ಲಿ ಇರುತ್ತಿತ್ತು. ಕಚೇರಿಯ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್. ಹೊಸ ಕಂಪ್ಯೂಟರ್ ತಂದವರು ಕಚೇರಿ ಸಮಯದಲ್ಲಿ ಫೋನು ಮಾಡಿ ಅಥವಾ ಸಂದೇಶ ಕಳಿಸಿ ಹೆಸರು ತಿಳಿಸಬೇಕು. ಅದು ಬೇರೆಯವರದ್ದಲ್ಲ ಎಂದು ಖಚಿತವಾದರೆ ಸಿಬ್ಬಂದಿ ಒಂದು ಸಾಲು ಸೇರಿಸುತ್ತಿದ್ದರು. ಜಾಲದ ಉಳಿದ ಯಂತ್ರಗಳೆಲ್ಲ ಆ ಕಡತವನ್ನು ಇಳಿಸಿಕೊಂಡು ತಮ್ಮ ಪ್ರತಿಯನ್ನು ತಿದ್ದಿಕೊಳ್ಳುತ್ತಿದ್ದವು. ಇಡೀ ಜಾಲದ ಹೆಸರುಗಳು ಒಬ್ಬ ಗುಮಾಸ್ತೆಯ ಬೆರಳ ತುದಿಯಲ್ಲಿದ್ದವು. ಆ ಬೆರಳಿಗೆ ಯಾರೂ ಲಂಚ ನೀಡಲು ಬರಲಿಲ್ಲ, ಏಕೆಂದರೆ ಹೆಸರಿಗೆ ಬೆಲೆಯಿದೆ ಎಂದು ಯಾರೂ ಭಾವಿಸಿರಲಿಲ್ಲ.

ಯಂತ್ರಗಳು ನೂರಾರಾದವು, ಸಾವಿರದತ್ತ ಸಾಗಿದವು. ಒಂದೇ ಕಡತ ಸಾಲದಾಯಿತು. ಆಗ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಜಾನ್ ಪೋಸ್ಟೆಲ್, ತಮ್ಮ ಸಹೋದ್ಯೋಗಿ ಪಾಲ್ ಮೊಕಾಪೆಟ್ರಿಸ್ ಅವರಿಗೆ ಆ ಕೆಲಸ ಒಪ್ಪಿಸಿದರು. ಬಂದಿದ್ದ ಹಲವು ಸಲಹೆಗಳನ್ನು ಹೊಂದಿಸಿ ಒಂದು ದಾರಿ ಹುಡುಕಿ ಎಂಬುದು ಸೂಚನೆ. ಮೊಕಾಪೆಟ್ರಿಸ್ ಸಲಹೆಗಳನ್ನು ಬದಿಗಿಟ್ಟು ತಾವೇ ಹೊಸದೊಂದು ವ್ಯವಸ್ಥೆ ಕಟ್ಟಿದರು. 1983ರ ನವೆಂಬರಿನಲ್ಲಿ ಪ್ರಕಟವಾದ ಎರಡು ದಾಖಲೆಗಳಲ್ಲಿ ಅದರ ಬುನಾದಿಯಿದೆ. ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. ತುತ್ತತುದಿಯಲ್ಲಿ ಕಾಣದ ಒಂದು ಬೇರು. ಬೇರಿನ ಸರ್ವರ್‌ಗೆ ಗೊತ್ತಿರುವುದು ‘ಕಾಮ್’ ಯಾರ ಬಳಿ ಇದೆ ಎಂಬುದಷ್ಟೇ. ಕಾಮ್ ನೋಡಿಕೊಳ್ಳುವವರಿಗೆ ಗೊತ್ತಿರುವುದು ಅದರಡಿಯ ಕಂಪನಿಯ ವಿಳಾಸ ಯಾವ ಸರ್ವರ್‌ನಲ್ಲಿದೆ ಎಂಬುದಷ್ಟೇ. ಎಲ್ಲವನ್ನೂ ಬಲ್ಲವರು ಯಾರೂ ಇಲ್ಲ, ಮುಂದಿನವರು ಯಾರೆಂದು ಬಲ್ಲವರು ಎಲ್ಲೆಡೆ ಇದ್ದಾರೆ. ಕೆಲವೇ ನೂರು ಯಂತ್ರಗಳಿದ್ದಾಗ ಯೋಚಿಸಿದ ಈ ಕ್ರಮ ಇಂದು ಕೋಟಿಗಟ್ಟಲೆ ಹೆಸರುಗಳನ್ನು ಹೊತ್ತು ನಡೆಯುತ್ತಿದೆ. ಮನುಷ್ಯರು ಕಟ್ಟಿದ ವ್ಯವಸ್ಥೆಗಳಲ್ಲಿ ಇಷ್ಟು ಹಿಗ್ಗಿಯೂ ಬಿರುಕು ಬಿಡದವು ಬಹಳ ಕಡಿಮೆ.

1985ರ ಮಾರ್ಚ್ 15ರಂದು ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನ ಒಂದು ಕಂಪನಿ ಸಿಂಬಾಲಿಕ್ಸ್ ಡಾಟ್ ಕಾಮ್ ಎಂಬ ಹೆಸರು ಪಡೆಯಿತು. ಡಾಟ್ ಕಾಮ್ ವಂಶಾವಳಿಯ ಮೊದಲ ಹೆಸರು ಅದು. ಕೃತಕ ಬುದ್ಧಿಮತ್ತೆಯ ಸಂಶೋಧಕರಿಗಾಗಿ ಲಿಸ್ಪ್ ಭಾಷೆಯ ವಿಶೇಷ ಕಂಪ್ಯೂಟರುಗಳನ್ನು ತಯಾರಿಸುತ್ತಿದ್ದ ಕಂಪನಿ. ಆ ವರ್ಷ ಪೂರ್ತಿ ಡಾಟ್ ಕಾಮ್ ಅಡಿ ನೋಂದಣಿಯಾದದ್ದು ಆರೇ ಹೆಸರು. ಐಬಿಎಂ, ಇಂಟೆಲ್, ಜೆರಾಕ್ಸ್ ಬಂದದ್ದು 1986ರಲ್ಲಿ, ಆಪಲ್ 1987ರಲ್ಲಿ, ಮೈಕ್ರೊಸಾಫ್ಟ್ 1991ರಲ್ಲಿ. ಯಾರಿಗೂ ಅವಸರವಿರಲಿಲ್ಲ.

ಈ ಕಾಲದ ಕೇಂದ್ರದಲ್ಲಿ ನಿಲ್ಲುವ ವ್ಯಕ್ತಿ ಪೋಸ್ಟೆಲ್. ಉದ್ದ ಗಡ್ಡ, ಕಾಲಿಗೆ ಚಪ್ಪಲಿ, ಮಿತಮಾತು. ನಮ್ಮ ಹಳ್ಳಿಗಳಲ್ಲಿ ಹಿಂದೆ ಶಾನುಭೋಗರು ಖಾತೆ ಪುಸ್ತಕ ಹಿಡಿದಂತೆ ಅವರು ಇಡೀ ಅಂತರ್ಜಾಲದ ಖಾತೆ ಹಿಡಿದಿದ್ದರು: ಯಾವ ಅಂಕಿ ಯಾರಿಗೆ, ಯಾವ ದೇಶದ ಹೆಸರು ಯಾರ ಸುಪರ್ದಿಗೆ ಎಂಬುದು ಅವರ ಬರಹದಿಂದ ತೀರ್ಮಾನವಾಗುತ್ತಿತ್ತು. ಯಾವುದು ದೇಶ, ಯಾವುದು ಅಲ್ಲ ಎಂಬ ಜಗಳಕ್ಕೆ ಸಿಲುಕಬಾರದೆಂದು ಅವರು ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಎರಡಕ್ಷರದ ದೇಶಪಟ್ಟಿಯನ್ನು ಹಾಗೆಯೇ ಒಪ್ಪಿಕೊಂಡರು. ಭಾರತಕ್ಕೆ ‘ಇನ್’ ಸಿಕ್ಕಿತು. ಅದು ಜಾಲಕ್ಕೆ ಸೇರಿದ್ದು 1989ರಲ್ಲಿ. ಪೆಸಿಫಿಕ್‌ನ ತುವಾಲುಗೆ ‘ಟಿವಿ’, ಕೆರಿಬಿಯನ್‌ನ ಅಂಗ್ವಿಲಾಗೆ ‘ಎಐ’. ಆ ಎರಡಕ್ಷರಗಳು ಮುಂದೆ ಏನಾಗಲಿವೆಯೆಂದು ಅವರೂ ಊಹಿಸಿರಲಿಲ್ಲ, ಆ ದ್ವೀಪದವರೂ ಊಹಿಸಿರಲಿಲ್ಲ.

1994ರ ಮಾರ್ಚ್‌ನಲ್ಲಿ ಪೋಸ್ಟೆಲ್ ಬರೆದ ಒಂದು ದಾಖಲೆ ಆ ಯುಗದ ಧರ್ಮಶಾಸನವೆಂದೇ ನಾನು ಭಾವಿಸುತ್ತೇನೆ. ಹೆಸರುಗಳನ್ನು ನೋಡಿಕೊಳ್ಳುವವರು ತಮ್ಮ ಹಕ್ಕು, ಒಡೆತನ ಎಂದು ಮಾತಾಡುವುದು ಸಲ್ಲದು, ಸಮುದಾಯಕ್ಕೆ ತಾವು ಸಲ್ಲಿಸಬೇಕಾದ ಸೇವೆ ಮತ್ತು ಹೊಣೆಯನ್ನು ಕುರಿತು ಯೋಚಿಸಬೇಕು ಎಂಬುದು ಅದರ ತಿರುಳು. ಅದನ್ನು ಬರೆದ ವರ್ಷವೇ ಒಡೆತನದ ಗಾಳಿ ಬೀಸತೊಡಗಿತು.

ಹಿಂದಿನ ವರ್ಷ ಮೊಸಾಯಿಕ್ ಎಂಬ ಬ್ರೌಸರ್ ಬಂದಿತ್ತು. ವೆಬ್ ಎಂಬುದು ಪ್ರಯೋಗಾಲಯ ಬಿಟ್ಟು ಬೀದಿಗೆ ಕಾಲಿಟ್ಟಿತ್ತು. ನ್ಯೂಯಾರ್ಕಿನ ಪತ್ರಕರ್ತ ಜೋಶುವಾ ಕ್ವಿಟ್ನರ್ ಒಂದು ಲೇಖನಕ್ಕಾಗಿ ಮೆಕ್‌ಡೊನಾಲ್ಡ್ಸ್ ಡಾಟ್ ಕಾಮ್ ಯಾರ ಹೆಸರಿನಲ್ಲಿದೆ ಎಂದು ನೋಡಿದರು. ಯಾರ ಹೆಸರಿನಲ್ಲೂ ಇರಲಿಲ್ಲ. ಕಂಪನಿಗೆ ಫೋನು ಮಾಡಿ ಎಚ್ಚರಿಸಿದರೂ ಅಲ್ಲಿ ವಿಷಯ ಅರ್ಥವಾದವರು ಸಿಗಲಿಲ್ಲ. ಅವರು ತಮ್ಮ ಹೆಸರಿಗೇ ಬರೆಸಿಕೊಂಡು, ಅದನ್ನೆಲ್ಲ ‘ವೈರ್ಡ್’ ಪತ್ರಿಕೆಯಲ್ಲಿ ಬರೆದರು. ಕೊನೆಗೆ ಕಂಪನಿ ಬ್ರೂಕ್ಲಿನ್‌ನ ಒಂದು ಸರ್ಕಾರಿ ಶಾಲೆಯ ಕಂಪ್ಯೂಟರ್ ವ್ಯವಸ್ಥೆಗೆ 3,500 ಡಾಲರ್ ಕೊಟ್ಟು ಹೆಸರನ್ನು ಪಡೆಯಿತು. ಹೆಸರಿನ ಮಾರುಕಟ್ಟೆಯ ಆರಂಭದ ವ್ಯವಹಾರಗಳಲ್ಲೊಂದರ ಲಾಭ ಮಕ್ಕಳ ಪಾಲಾಯಿತು ಎಂಬುದು ಇತಿಹಾಸದಲ್ಲಿ ಬರೆದಿಡಬೇಕಾದ ಸಂಗತಿ. ಆಮೇಲಿನ ವ್ಯವಹಾರಗಳು ಹಾಗಿರಲಿಲ್ಲ.

ನೋಂದಣಿಯ ಕೆಲಸ ಅಷ್ಟರಲ್ಲಿ ಮೆನ್ಲೋ ಪಾರ್ಕ್ ಬಿಟ್ಟು ವರ್ಜೀನಿಯಾದ ನೆಟ್‌ವರ್ಕ್ ಸಲ್ಯೂಷನ್ಸ್ ಎಂಬ ಕಂಪನಿಯ ಕೈಗೆ ಹೋಗಿತ್ತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಗುತ್ತಿಗೆ ಅದು. ಅರ್ಜಿಗಳ ಪ್ರವಾಹ ಬಂದಾಗ ಪ್ರತಿಷ್ಠಾನ ಶುಲ್ಕಕ್ಕೆ ಒಪ್ಪಿಗೆ ಕೊಟ್ಟಿತು. 1995ರ ಸೆಪ್ಟೆಂಬರ್ 14ರಿಂದ ಹೊಸ ಹೆಸರಿಗೆ ಎರಡು ವರ್ಷಕ್ಕೆ 100 ಡಾಲರ್. ಬಿಟ್ಟಿಯ ಯುಗ ಅಂದಿಗೆ ಮುಗಿಯಿತು. ಶುಲ್ಕ ಬಂದರೆ ಸುಮ್ಮನೆ ಹೆಸರು ಬಾಚಿಕೊಳ್ಳುವವರು ಹಿಂದೆ ಸರಿಯುತ್ತಾರೆಂದು ಹಲವರು ನಂಬಿದ್ದರು. ನಡೆದದ್ದು ತದ್ವಿರುದ್ಧ: ದುಡ್ಡು ಕೊಟ್ಟು ಕೊಳ್ಳುವ ವಸ್ತುವನ್ನು ದುಡ್ಡಿಗೆ ಮಾರಲೂಬಹುದು ಎಂಬುದು ಜನರ ತಲೆಗೆ ಹೊಕ್ಕಿತು.

ಕಳ್ಳತನವೂ ಅದರ ಹಿಂದೆಯೇ ಬಂತು. ಗ್ಯಾರಿ ಕ್ರೆಮೆನ್ ಎಂಬವರು 1994ರಲ್ಲಿ ಸೆಕ್ಸ್ ಡಾಟ್ ಕಾಮ್ ಎಂಬ ಹೆಸರನ್ನು ನೋಂದಾಯಿಸಿ ಸುಮ್ಮನಿದ್ದರು. ಮರುವರ್ಷ ಸ್ಟೀಫನ್ ಕೋಹೆನ್ ಎಂಬಾತ ನೋಂದಣಿ ಕಚೇರಿಗೆ ಒಂದು ಪತ್ರ ಒಪ್ಪಿಸಿದ. ಕ್ರೆಮೆನ್‌ರನ್ನು ಅವರ ಕಂಪನಿ ಕೆಲಸದಿಂದ ತೆಗೆದಿದೆ, ಹೆಸರನ್ನು ಬಿಟ್ಟುಕೊಡಲು ಕಂಪನಿ ಒಪ್ಪಿದೆ, ಕಂಪನಿಗೆ ಸ್ವಂತ ಇಂಟರ್ನೆಟ್ ಸಂಪರ್ಕವಿಲ್ಲದ್ದರಿಂದ ಈ ಕಾಗದವನ್ನು ಕೋಹೆನ್ ಮೂಲಕ ಕಳಿಸುತ್ತಿದ್ದೇವೆ ಎಂದು ಪತ್ರದಲ್ಲಿತ್ತು. ಆನ್‌ಲೈನ್ ಕ್ಲಾಸಿಫೈಡ್ಸ್ ಎಂಬ ಹೆಸರಿನ ಕಂಪನಿಗೆ ಇಂಟರ್ನೆಟ್ ಇಲ್ಲವಂತೆ! ಕಚೇರಿ ಯಾರನ್ನೂ ಕೇಳದೆ ಹೆಸರನ್ನು ವರ್ಗಾಯಿಸಿತು. ಕ್ರೆಮೆನ್ ವರ್ಷಗಟ್ಟಲೆ ಹೋರಾಡಿ ಹೆಸರನ್ನು ಮರಳಿ ಪಡೆದರು, 6.5 ಕೋಟಿ ಡಾಲರ್ ಪರಿಹಾರದ ಆದೇಶವೂ ಆಯಿತು, ಕೋಹೆನ್ ಮೆಕ್ಸಿಕೊಗೆ ಓಡಿಹೋದ. 2003ರಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಡೊಮೇನ್ ಹೆಸರು ಸ್ವತ್ತೇ ಹೌದು, ಅದನ್ನು ಕಂಡವರ ಕೈಗೆ ಕೊಟ್ಟ ಕಚೇರಿ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲಾಗದು ಎಂದಿತು. ಪೋಸ್ಟೆಲ್ ಸಲ್ಲದೆಂದ ಒಡೆತನಕ್ಕೆ ಕಾನೂನಿನ ಮುದ್ರೆ ಬಿತ್ತು. ಕಳ್ಳತನದಿಂದ ಜನರನ್ನು ಕಾಪಾಡಲು ಬೇರೆ ದಾರಿಯೂ ಇರಲಿಲ್ಲ ಎಂಬುದನ್ನು ಒಪ್ಪಬೇಕು.

ಅದೇ ಪ್ರಶ್ನೆ ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದ ಮುಂದೂ ಬಂತು. ಸಿಫಿ ಎಂಬ ಹೆಸರಿನ ಹಲವು ಡೊಮೇನ್‌ಗಳನ್ನು 1999ರಿಂದ ಹೊಂದಿದ್ದ ಸತ್ಯಂ ಇನ್ಫೋವೇ, ಸಿಫಿನೆಟ್ ಎಂದೇ ಉಚ್ಚರಿಸಬಹುದಾದ ಹೆಸರನ್ನು ಒಂದು ಅಕ್ಷರ ಹೆಚ್ಚಿಸಿ ಬಳಸುತ್ತಿದ್ದ ಕಂಪನಿಯ ಮೇಲೆ ದಾವೆ ಹೂಡಿತು. ಅದು ತಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳಿಂದ ಮೂಡಿದ ಹೆಸರೆಂಬುದು ಎದುರುಪಕ್ಷದ ವಾದ. ಕೆಳ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆರವು ಮಾಡಿತು, 2004ರ ಮೇನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿಯಿತು. ಡೊಮೇನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರಿಯ ಗುರುತೂ ಹೌದು, ಟ್ರೇಡ್‌ಮಾರ್ಕಿನ ರಕ್ಷಣೆ ಅದಕ್ಕೂ ಸಲ್ಲುತ್ತದೆ ಎಂಬುದು ಆ ತೀರ್ಪು. ಇಂದಿಗೂ ಭಾರತದ ಡೊಮೇನ್ ವ್ಯಾಜ್ಯಗಳಲ್ಲಿ ವಕೀಲರು ಮೊದಲು ತೆಗೆಯುವ ತೀರ್ಪು ಅದೇ.

ಮತ್ತೆ ಅಮೆರಿಕಕ್ಕೆ. 1998 ಮತ್ತು 1999, ಭವಿಷ್ಯದ ಬೆಲೆಯೇ ವರ್ತಮಾನದ ಬೆಲೆಯಾದ ವರ್ಷಗಳು. 1997ರಲ್ಲಿ 1,50,000 ಡಾಲರಿಗೆ ಮಾರಾಟವಾಗಿದ್ದ ಬಿಸಿನೆಸ್ ಡಾಟ್ ಕಾಮ್ ಎರಡೇ ವರ್ಷದಲ್ಲಿ 75 ಲಕ್ಷ ಡಾಲರಿಗೆ ಹೋಯಿತು. ಹೆಸರೊಂದಿದ್ದರೆ ಗಿರಾಕಿ ತಾನಾಗಿ ಬರುತ್ತಾನೆ ಎಂಬ ನಂಬಿಕೆ. ಆ ನಂಬಿಕೆಯ ಪರಾಕಾಷ್ಠೆ ಆಟಿಕೆ ಮಾರುವ ಇಟಾಯ್ಸ್ ಕಂಪನಿಯ ಕಥೆ. ಅದು ಹುಟ್ಟುವ ಮೊದಲೇ ಯುರೋಪಿನ ಕಲಾವಿದರ ಗುಂಪೊಂದು ಇಟಾಯ್ ಡಾಟ್ ಕಾಮ್ ಹೆಸರನ್ನು 1995ರಲ್ಲಿ ಪಡೆದಿತ್ತು. ಕೊನೆಯ ಒಂದಕ್ಷರ ಮರೆತ ಗಿರಾಕಿಗಳು ಕಲಾವಿದರ ಪುಟಕ್ಕೆ ಹೋಗುತ್ತಿದ್ದರು. ಕಂಪನಿ ಐದು ಲಕ್ಷ ಡಾಲರಿಗೂ ಮಿಕ್ಕಿದ ಮೊತ್ತವನ್ನು ನಗದು ಮತ್ತು ಷೇರು ರೂಪದಲ್ಲಿ ಕೊಡಲು ಮುಂದಾಯಿತು. ಕಲಾವಿದರು ಒಪ್ಪಲಿಲ್ಲ. 1999ರ ನವೆಂಬರ್ ಕೊನೆಗೆ, ಕ್ರಿಸ್‌ಮಸ್ ವ್ಯಾಪಾರ ಏರಿದ ಹೊತ್ತಿಗೆ, ಲಾಸ್ ಏಂಜಲೀಸ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದು ಅವರ ಪುಟವನ್ನು ಮುಚ್ಚಿಸಿತು. ಜಗತ್ತಿನಾದ್ಯಂತ ಪ್ರತಿಭಟನೆ ಎದ್ದಿತು. ಕೆಲವೇ ವಾರಗಳಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡಿತು. 2001ರಲ್ಲಿ ಕಂಪನಿ ದಿವಾಳಿಯಾಯಿತು. ಹಣಕ್ಕೆ ಹೆಸರು ಮಾರದೆ ನಿಂತ ಆ ಕಲಾವಿದರನ್ನು ನಾನು ಗೌರವದಿಂದ ನೆನೆಯುತ್ತೇನೆ. ಷೇರಿಗೆ ಮರುಳಾಗಿದ್ದರೆ ಅವರ ಕೈಲಿ ಉಳಿಯುತ್ತಿದ್ದುದು ಕಾಗದ.

ಅದೇ ಕ್ರಿಸ್‌ಮಸ್ ಮುನ್ನಾದಿನ ಇನ್ನೊಂದು ಘಟನೆ. ಮೈಕ್ರೊಸಾಫ್ಟಿನ ಇಮೇಲ್ ಸೇವೆಯಾದ ಹಾಟ್‌ಮೇಲ್ ಬಳಕೆದಾರರಿಗೆ ಲಾಗಿನ್ ಆಗಲಿಲ್ಲ. ಅದರ ಹಿಂದಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರನ್ನು ನವೀಕರಿಸಲು ಮೈಕ್ರೊಸಾಫ್ಟ್ ಮರೆತಿತ್ತು. ಟೆನೆಸಿಯ ಒಬ್ಬ ಪ್ರೋಗ್ರಾಮರ್ ತನ್ನ ಕ್ರೆಡಿಟ್ ಕಾರ್ಡಿನಿಂದ 35 ಡಾಲರ್ ಕಟ್ಟಿದರು, ಸೇವೆ ಮರಳಿತು. ಹೆಸರು ಯಾರಿಗೂ ಶಾಶ್ವತ ಹಿಡುವಳಿಯಲ್ಲ, ವರ್ಷವರ್ಷ ಗೇಣಿ ಕಟ್ಟುವವರೆಗೆ ಮಾತ್ರ ತಮ್ಮದು ಎಂಬುದು ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದಕ್ಕೂ ಅಂದು ತಿಳಿಯಿತು.

ಖಾತೆ ಹಿಡಿದವರ ಕಥೆಯೂ ಅದೇ ಹೊತ್ತಿಗೆ ತಿರುವು ಪಡೆಯಿತು. 1998ರ ಜನವರಿ 28ರಂದು ಪೋಸ್ಟೆಲ್ ಮೂಲ ಸರ್ವರ್‌ಗಳನ್ನು, ಅಂದರೆ ಬೇರಿನ ಸರ್ವರ್‌ಗಳನ್ನು, ನಡೆಸುತ್ತಿದ್ದ ಗೆಳೆಯರಿಗೆ ಪತ್ರ ಕಳಿಸಿ, ಇನ್ನು ಮುಂದೆ ಬೇರಿನ ಹೆಸರುಗಳ ಮೂಲಪಟ್ಟಿಯನ್ನು ನೆಟ್‌ವರ್ಕ್ ಸಲ್ಯೂಷನ್ಸ್‌ನಿಂದಲ್ಲ, ತಮ್ಮ ಯಂತ್ರದಿಂದ ಪಡೆಯಿರಿ ಎಂದರು. ಹನ್ನೆರಡರಲ್ಲಿ ಎಂಟು ಸರ್ವರ್‌ಗಳು ತಿರುಗಿ ನಿಂತವು. ಯಾವ ಅಧಿಕಾರಪತ್ರವೂ ಇಲ್ಲದ ಒಬ್ಬ ಸಂಶೋಧಕನ ಮಾತಿಗೆ ಜಾಲದ ಬಹುಪಾಲು ಓಗೊಟ್ಟಿತು. ಅಮೆರಿಕ ಸರ್ಕಾರ ಕಣ್ಣು ಕೆಂಪಗೆ ಮಾಡಿತು. ಅದು ಪರೀಕ್ಷೆಯಷ್ಟೇ ಎಂದು ಹೇಳಿ ಪೋಸ್ಟೆಲ್ ಹಿಂದಿನ ಸ್ಥಿತಿಗೆ ಮರಳಿಸಿದರು. ಈ ಖಾತೆಯನ್ನು ಮುಂದೆ ನೋಡಿಕೊಳ್ಳಲಿದ್ದ ಐಕ್ಯಾನ್ ಸಂಸ್ಥೆ ಸೆಪ್ಟೆಂಬರ್ 30ರಂದು ನೋಂದಣಿಯಾಯಿತು. ಹದಿನಾರು ದಿನಗಳ ನಂತರ, ಅಕ್ಟೋಬರ್ 16ರಂದು, ಹೃದಯ ಶಸ್ತ್ರಚಿಕಿತ್ಸೆಯ ಬಳಿಕ ಪೋಸ್ಟೆಲ್ ತೀರಿಕೊಂಡರು. ವಯಸ್ಸು 55.

2000ದ ಮಾರ್ಚ್ 7ರಂದು ವೆರಿಸೈನ್ ಕಂಪನಿ ನೆಟ್‌ವರ್ಕ್ ಸಲ್ಯೂಷನ್ಸ್ ಅನ್ನು ಸುಮಾರು 2,100 ಕೋಟಿ ಡಾಲರ್ ಬೆಲೆಯ ಷೇರುಗಳಿಗೆ ಕೊಳ್ಳುವುದಾಗಿ ಸಾರಿತು. ಮೂರೇ ದಿನದಲ್ಲಿ ನಾಸ್ಡಾಕ್ ಸೂಚ್ಯಂಕ ಶಿಖರ ಮುಟ್ಟಿ ಉರುಳತೊಡಗಿತು. ಸಾಕುಪ್ರಾಣಿಗಳ ಸಾಮಗ್ರಿ ಮಾರುತ್ತಿದ್ದ ಪೆಟ್ಸ್ ಡಾಟ್ ಕಾಮ್ ನವೆಂಬರಿನಲ್ಲಿ ಬಾಗಿಲು ಹಾಕಿತು. 2003ರಲ್ಲಿ ವೆರಿಸೈನ್ ಚಿಲ್ಲರೆ ನೋಂದಣಿಯ ವ್ಯವಹಾರವನ್ನು 10 ಕೋಟಿ ಡಾಲರಿನಷ್ಟಕ್ಕೆ ಮಾರಿತು. ಡಾಟ್ ಕಾಮ್‌ನ ಮೂಲ ಖಾತೆ ಪುಸ್ತಕವನ್ನು ಮಾತ್ರ ಬಿಡಲಿಲ್ಲ. ಬೆಲೆ ಎಲ್ಲಿದೆ ಎಂದು ಅದಕ್ಕೆ ಗೊತ್ತಿತ್ತು. ಇಂದು ಆ ಪುಸ್ತಕದಲ್ಲಿ 15 ಕೋಟಿಗೂ ಹೆಚ್ಚು ಹೆಸರುಗಳಿವೆ. 2024ರ ಸೆಪ್ಟೆಂಬರಿನಲ್ಲಿ ಒಂದೊಂದಕ್ಕೂ ವರ್ಷದ ಸಗಟು ದರ 10.26 ಡಾಲರ್ ಆಯಿತು. ಮಾರುವವರೂ ಕೊಳ್ಳುವವರೂ ಬದಲಾಗುತ್ತಾರೆ, ಪುಸ್ತಕದವರಿಗೆ ಸಲ್ಲುವುದು ಸಲ್ಲುತ್ತಲೇ ಇರುತ್ತದೆ.

ಹೆಸರಿನ ಭವಿಷ್ಯದ ಬೆಲೆ ಎಷ್ಟೆಂದು ಲೆಕ್ಕ ಹಾಕಿದವರೆಲ್ಲ ಅಕ್ಷರಗಳನ್ನು ಎಣಿಸಿದರು: ಎಷ್ಟು ಚಿಕ್ಕದು, ಎಷ್ಟು ಸಲೀಸು, ನಿಘಂಟಿನಲ್ಲಿ ಇದೆಯೇ. ಅಕ್ಷರಗಳಲ್ಲಿ ಬೆಲೆಯಿಲ್ಲ. ಮೈಸೂರಿನಲ್ಲಿ ಬರೆದರೂ ಮಾಂಟೆವಿಡಿಯೊದಲ್ಲಿ ಬರೆದರೂ ಒಂದು ಹೆಸರು ಒಂದೇ ಜಾಗಕ್ಕೆ ಒಯ್ಯುತ್ತದೆ ಎಂಬ ಭರವಸೆಯಲ್ಲಿದೆ. ಆ ಭರವಸೆಯನ್ನು ಕಟ್ಟಿದವರು ಫೈನ್ಲರ್, ಮೊಕಾಪೆಟ್ರಿಸ್, ಪೋಸ್ಟೆಲ್. ಕಟ್ಟಿದ್ದನ್ನು ತಮ್ಮದೆಂದು ಅವರು ಹೇಳಿಕೊಳ್ಳಲಿಲ್ಲ. ಮೂಲಪಟ್ಟಿ ಎರಡಾಗಿ ಸೀಳಿದ ದಿನ ಕೋಟಿಯ ಹೆಸರೂ ಕವಡೆಗೆ ಇಳಿಯುತ್ತದೆ.

ಪೋಸ್ಟೆಲ್ ಹಾಗೆಯೇ ಒಪ್ಪಿದ ದೇಶಪಟ್ಟಿಯ ಫಲವನ್ನು ಉಂಡವರು ಅವರು ಎಂದೂ ಕಾಣದ ಜನ. ಒಂಬತ್ತು ದ್ವೀಪಗಳ, ಹತ್ತು ಸಾವಿರ ಚಿಲ್ಲರೆ ಜನರ ತುವಾಲು ತನ್ನ ಟಿವಿ ಅಕ್ಷರಗಳನ್ನು ಕ್ಯಾಲಿಫೋರ್ನಿಯಾದ ಕಂಪನಿಗೆ ಹನ್ನೆರಡು ವರ್ಷಕ್ಕೆ 5 ಕೋಟಿ ಡಾಲರಿನ ಕರಾರಿನ ಮೇಲೆ ಕೊಟ್ಟಿತು. ಆ ಹಣ ಬಂದ ಮೇಲೆ, 2000ದ ಸೆಪ್ಟೆಂಬರ್ 5ರಂದು, ತುವಾಲು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವಾಯಿತು. ಅಲ್ಲಿಯವರೆಗೆ ಸದಸ್ಯತ್ವದ ಖರ್ಚನ್ನು ಭರಿಸುವುದೇ ಆ ದೇಶಕ್ಕೆ ಭಾರವಾಗಿತ್ತು. ಅಂಗ್ವಿಲಾ ಕಾದದ್ದು ಇನ್ನೂ ಹೆಚ್ಚು. 2017ರ ಇರ್ಮಾ ಚಂಡಮಾರುತದಲ್ಲಿ ನುಜ್ಜುಗುಜ್ಜಾದ ದ್ವೀಪ ಅದು. ಜನಸಂಖ್ಯೆ 16,000ದ ಆಸುಪಾಸು. 2023ರಲ್ಲಿ ಕೃತಕ ಬುದ್ಧಿಮತ್ತೆಯ ಕಂಪನಿಗಳು ಎಐ ಎಂದು ಕೊನೆಯಾಗುವ ಹೆಸರಿಗೆ ಮುಗಿಬಿದ್ದಾಗ ಅದಕ್ಕೆ ಬಂದ ಆದಾಯ ಸುಮಾರು 3.2 ಕೋಟಿ ಡಾಲರ್, ಸರ್ಕಾರದ ಒಟ್ಟು ವರಮಾನದ ಐದನೇ ಒಂದು ಪಾಲಿಗೂ ಹೆಚ್ಚು. ಕೃತಕ ಬುದ್ಧಿಮತ್ತೆಯ ಯಂತ್ರ ಮಾಡುತ್ತಿದ್ದ ಸಿಂಬಾಲಿಕ್ಸ್ 1993ರಲ್ಲಿ ದಿವಾಳಿಯ ಅರ್ಜಿ ಹಾಕಿತ್ತು. ಅದರ ಹೆಸರು 2009ರಲ್ಲಿ ಬೇರೆಯವರಿಗೆ ಮಾರಾಟವಾಗಿತ್ತು.

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಭಾಗ್ಯ ಹಾಗಿರಲಿಲ್ಲ. ‘ಐಒ’ ಅಲ್ಲಿನ ಬ್ರಿಟಿಷ್ ಪ್ರಾಂತ್ಯದ ಸಂಕೇತ. ಜನರನ್ನು 1973ರ ಹೊತ್ತಿಗೇ ಅಲ್ಲಿಂದ ಎಬ್ಬಿಸಲಾಗಿತ್ತು. ಅವರ ನೆಲದ ಅಕ್ಷರಗಳು ದೂರದ ತಂತ್ರಜ್ಞಾನ ಕಂಪನಿಗಳ ಬಾಗಿಲ ಮೇಲೆ ಮೆರೆದವು. 2025ರ ಮೇನಲ್ಲಿ ದ್ವೀಪಗಳನ್ನು ಮಾರಿಷಸ್‌ಗೆ ಒಪ್ಪಿಸುವ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿತು. ಪ್ರಾಂತ್ಯವೇ ಇಲ್ಲವಾದರೆ ಅದರ ಅಕ್ಷರಗಳ ಗತಿಯೇನು? ಯುಗೊಸ್ಲಾವಿಯಾದ ‘ವೈಯು’ 2010ರಲ್ಲಿ ಮೂಲಪಟ್ಟಿಯಿಂದ ಅಳಿಸಿಹೋದದ್ದು ಹೆಸರು ಕೊಂಡವರ ನೆನಪಿನಲ್ಲಿದೆ.

ಹೆಸರುಗಳ ಕೊರತೆ ನೀಗಿಸಲು ಐಕ್ಯಾನ್ 2012ರಲ್ಲಿ ಹೊಸ ಕೊನೆಯಕ್ಷರಗಳಿಗೆ ಅರ್ಜಿ ಕರೆಯಿತು. ಅರ್ಜಿ ಶುಲ್ಕ 1,85,000 ಡಾಲರ್. ಬಂದ ಅರ್ಜಿ 1,930. ‘ವೆಬ್’ ಎಂಬ ಒಂದು ಪದಕ್ಕೆ 2016ರ ಹರಾಜಿನಲ್ಲಿ 13.5 ಕೋಟಿ ಡಾಲರ್ ಕೂಗಲಾಯಿತು. ಡಾಟ್ ಕಾಮ್‌ನ ಬೆಲೆ ಇನ್ನು ಕುಸಿಯುತ್ತದೆ ಎಂದರು. ಕುಸಿಯಲಿಲ್ಲ, 2019ರಲ್ಲಿ ವಾಯ್ಸ್ ಡಾಟ್ ಕಾಮ್ ಎಂಬ ಒಂದು ಹೆಸರು 3 ಕೋಟಿ ಡಾಲರಿಗೆ ಕೈ ಬದಲಾಯಿಸಿತು.

ಕನ್ನಡದ ಮಟ್ಟಿಗೆ ಈ ಚರಿತ್ರೆ ತಡವಾಗಿ ತೆರೆಯಿತು. ಮೊಕಾಪೆಟ್ರಿಸ್ ಕಟ್ಟಿದ ವ್ಯವಸ್ಥೆಯ ಹೆಸರುಗಳು ರೋಮನ್ ಅಕ್ಷರ, ಅಂಕಿ, ಅಡ್ಡಗೆರೆಗಳಿಗೆ ಸೀಮಿತವಾಗಿದ್ದವು. ಬೇರೆ ಲಿಪಿಗಳನ್ನು ರೋಮನ್ ಸಾಲಾಗಿ ಬದಲಿಸಿ ಸಾಗಿಸುವ ಕ್ರಮ 2003ರಲ್ಲಿ ಸಿದ್ಧವಾಯಿತು. ಕನ್ನಡ ಲಿಪಿಯ ‘ಭಾರತ’ ಈಗ ಮೂಲಪಟ್ಟಿಯಲ್ಲಿದೆ. ಅದರ ಖಾತೆ ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿಯದು. ಮೂಲಪಟ್ಟಿಯಲ್ಲಿ ಕನ್ನಡ ಹೇಗಿರಬೇಕೆಂದು ನಿಯಮ ಬರೆಯಲು ಬ್ರಾಹ್ಮಿ ಮೂಲದ ಲಿಪಿಗಳ ತಜ್ಞರ ತಂಡವೊಂದು ಕುಳಿತಿತು. ಯಾವ ಅಕ್ಷರದ ಬಳಿಕ ಯಾವ ಗುಣಿತ ಬರಬಹುದು, ಅನುಸ್ವಾರ ಎಲ್ಲಿ ಸಲ್ಲುತ್ತದೆ ಎಂದು ಒಂದೊಂದನ್ನೂ ತೂಗಿ ನೋಡಿತು. ಅವರನ್ನು ಹೆಚ್ಚು ಕಾಡಿದ್ದು ತೆಲುಗು. ಕನ್ನಡದ ‘ಲ’, ‘ಅ’ಗಳು ತೆಲುಗಿನ ಸೋದರಾಕ್ಷರಗಳಿಂದ ಕಣ್ಣಿಗೆ ಬೇರೆಯಾಗುವುದಿಲ್ಲ, ಕಂಪ್ಯೂಟರಿಗೆ ಮಾತ್ರ ಎರಡೂ ಬೇರೆ ಬೇರೆ. ಕನ್ನಡದ ಬ್ಯಾಂಕೊಂದರ ಹೆಸರನ್ನು ತೆಲುಗಿನ ಅಕ್ಷರಗಳಲ್ಲಿ ಬರೆದು ಮೋಸಗಾರರು ಖಾತೆದಾರರನ್ನು ಸೆಳೆಯಬಹುದು. ಆದ್ದರಿಂದ ಇಂಥ ಜೋಡಿಗಳನ್ನು ಒಂದೇ ಎಂದು ಪರಿಗಣಿಸುವ ನಿಯಮ 2019ರಲ್ಲಿ ಜಾರಿಗೆ ಬಂತು: ಮೂಲಪಟ್ಟಿಯಲ್ಲಿ ಒಂದು ಲಿಪಿಯಲ್ಲಿ ಹೆಸರು ಪಡೆದರೆ ಅದರಂತೆಯೇ ಕಾಣುವ ಇನ್ನೊಂದು ಲಿಪಿಯ ಹೆಸರು ಬೇರೆಯವರಿಗೆ ಸಿಗದು.

ಮೂಲಪಟ್ಟಿಯ ಕೆಲಸವನ್ನು ಆ ತಜ್ಞರು ಮುಗಿಸಿಕೊಟ್ಟಿದ್ದಾರೆ. ಇನ್ನು ಆಗಬೇಕಾದ್ದು ಕೆಳಗಿನ ಕೆಲಸ. ಕನ್ನಡದಲ್ಲೇ ಇರುವ ಇಮೇಲ್ ವಿಳಾಸವನ್ನು ಬರೆದರೆ ತಪ್ಪು ವಿಳಾಸವೆಂದು ತಳ್ಳಿಹಾಕುವ ಅರ್ಜಿ ನಮೂನೆಗಳು ಬ್ಯಾಂಕುಗಳಲ್ಲಿ, ಶಾಲೆಗಳಲ್ಲಿ, ಸರ್ಕಾರಿ ಜಾಲತಾಣಗಳಲ್ಲಿ ಇನ್ನೂ ಇವೆ. ಒಂದೊಂದು ನಮೂನೆಯಲ್ಲೂ ತಿದ್ದಬೇಕಾದದ್ದು ಕೆಲವೇ ಸಾಲು.